ಅಕ್ಕ ದೂರ ಹೋದಷ್ಟೂ

ಕೆಂಪರಾಜು ತನ್ನ ಇಪ್ಪತ್ನಾಲ್ಕು ವರ್ಷಗಳಲ್ಲಿ ಮಾಡಿದ ಕಿತಾಪತಿಗಳ ಪೈಕಿ ಅತ್ಯಂತ ಚಿಕ್ಕದು ಎರಡು ಹೆಸರುಗಳನ್ನು ಅದಲು ಬದಲು ಮಾಡಿದ್ದು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರ ದನಿಯಲ್ಲಿ ಮೈಕು ಹಿಡಿದು ಇಡೀ ಶಾಲೆಗೆ ರಜೆ ಘೋಷಿಸಿದ್ದು ಇದಕ್ಕಿಂತ ದೊಡ್ಡದು. ಗೆಳೆಯನ ಮದುವೆಯಲ್ಲಿ ಕಪ್ಪು ಕನ್ನಡಕ ಏರಿಸಿಕೊಂಡು ಬಾಗಿಲಲ್ಲಿ ನಿಂತು "ನಿಲ್ಲಿಸಿ ಈ ಮದುವೆ!" ಎಂದು ಗುಡುಗಿ, ಪುರೋಹಿತರ ಕೈಯಿಂದ ತೆಂಗಿನಕಾಯಿ ಜಾರಿಸಿದ್ದಂತೂ ಎಷ್ಟೋ ದೊಡ್ಡದು. ಅವಕ್ಕೆಲ್ಲ ಬೈಗುಳ ಸಿಕ್ಕಿತ್ತು, ಒಂದೆರಡು ಏಟೂ ಬಿದ್ದಿದ್ದವು. ಈ ಚಿಕ್ಕದಕ್ಕೆ ಸಿಕ್ಕಿದ್ದೇ ಬೇರೆ.

ಆಗ ಅವನು ಮೈಸೂರಿನ ಕಾವಲು ಕೇಂದ್ರದಲ್ಲಿ ಟೆಕ್ನೀಷಿಯನ್. ಕಾವಲು ಎಂದರೆ ಕಿವಿಯ ಹಿಂದೆ ಅಂಟಿಸುವ, ಕುಂಕುಮದ ಬೊಟ್ಟಿನಷ್ಟು ಅಗಲದ ಒಂದು ಬಿಲ್ಲೆ. ಅದರ ತಳದಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳಿದ್ದವು. ನಿಮಿಷಕ್ಕೊಮ್ಮೆ ಅದು ಒಂದಿಷ್ಟೇ ಇಷ್ಟು ರಕ್ತವನ್ನು ಸವರಿ, ಅದರೊಳಗೆ ರೋಗನಿರೋಧಕ ಕೋಶಗಳು ಯಾವ್ಯಾವ ಜಾತಿಯವು, ಎಷ್ಟೆಷ್ಟಿವೆ, ಯಾವುದು ಕೆರಳಿದೆ, ಯಾವುದು ಮಲಗಿದೆ ಎಂದು ಎಣಿಸಿ ಕೇಂದ್ರಕ್ಕೆ ಕಳುಹಿಸುತ್ತಿತ್ತು. ಕೇಂದ್ರದ ಯಂತ್ರ ಲೆಕ್ಕ ಹಾಕಿ ಬಿಲ್ಲೆಗೆ ವಾಪಸ್ ಆಜ್ಞೆ ಕೊಡುತ್ತಿತ್ತು. ಬಿಲ್ಲೆ ಕಿವಿಯ ಹಿಂದಿನ ನರಕ್ಕೆ ಸಣ್ಣ ಮಿಡಿತಗಳನ್ನು ಕಳುಹಿಸಿ ಕೆರಳಿದ ಕೋಶಗಳಿಗೆ ಬುದ್ಧಿ ಹೇಳುತ್ತಿತ್ತು.

ಹೊಸದಾಗಿ ಸೇರಿದ ರೋಗಿಗಳಿಗೆ ವಿಷಯ ತಿಳಿಸುವ ಕೆಲಸ ಕೆಂಪರಾಜನದು. ಅವನು ಅದನ್ನು ಟ್ರೈಲರ್ ಬಿಟ್ಟ ಹಾಗೆ ಹೇಳುತ್ತಿದ್ದ.

"ನೋಡಿ, ನಮ್ ಮೈಯೊಳಗೆ ಒಂದು ಪೊಲೀಸ್ ಸ್ಟೇಷನ್ ಐತೆ. ಟಿ ಕೋಶ ಅಂದ್ರೆ ಇನ್ಸ್‌ಪೆಕ್ಟ್ರು. ಬಿ ಕೋಶ ಅಂದ್ರೆ ಗೋಡೆಗೋಡೆಗೆ 'ಬೇಕಾಗಿದ್ದಾನೆ' ಅಂತ ಪೋಸ್ಟರ್ ಅಂಟಿಸೋರು. ಮಿಕ್ಕೋರು ಲಾಠಿ ಪಾರ್ಟಿ. ಲೂಪಸ್ ಅಂದ್ರೆ ಏನಪ್ಪಾ ಅಂದ್ರೆ, ಪೋಸ್ಟರಲ್ಲಿ ಮನೆ ಓನರ್ ಫೋಟೋನೇ ಪ್ರಿಂಟ್ ಆಗೋಗೈತೆ! ಲಾಠಿ ಪಾರ್ಟಿ ಓನರ್‌ನೇ ಹಿಡ್ಕೊಂಡು ಬಾರಿಸ್ತಾವ್ರೆ. ಕೀಲು, ಚರ್ಮ, ಕಿಡ್ನಿ, ಸಿಕ್ಕಿದ್ ಕಡೆ."

ರೋಗಿಗಳು ನಗುತ್ತಿದ್ದರು. ನಕ್ಕವರಿಗೆ ಅವನು ಕೇಂದ್ರದ ಗೋಡೆ ತೋರಿಸುತ್ತಿದ್ದ. ಮುನ್ನೂರು ಜನರ ಕೋಶಗಳು ಅಲ್ಲಿ ಬಣ್ಣದ ಚುಕ್ಕಿಗಳಾಗಿ ಮಿನುಗುತ್ತಿದ್ದವು. ರೋಗ ಮಲಗಿದ್ದರೆ ಚುಕ್ಕಿಗಳು ಬೇರೆ ಬೇರೆ ದ್ವೀಪಗಳಾಗಿ ಕೂತಿರುತ್ತಿದ್ದವು. ಎದ್ದರೆ ದ್ವೀಪಗಳು ಹರಡಿ ಒಂದರೊಳಗೊಂದು ನುಗ್ಗುತ್ತಿದ್ದವು. ಮೇಲೊಂದು ಅಂಕ ಇರುತ್ತಿತ್ತು, ಸೊನ್ನೆಯಿಂದ ಇಪ್ಪತ್ತರವರೆಗೆ, ರೋಗ ಎಷ್ಟು ಚುರುಕಾಗಿದೆ ಎನ್ನುವುದಕ್ಕೆ. ರೋಗಿಗಳ ನಿಜವಾದ ಹೆಸರು ಗೋಡೆಯ ಮೇಲೆ ಬರಬಾರದೆಂಬ ನಿಯಮವಿದ್ದುದರಿಂದ ಟೆಕ್ನೀಷಿಯನ್ನರೇ ಅವರಿಗೆ ಸಿನಿಮಾ ಹೆಸರು ಇಟ್ಟಿದ್ದರು. ಆರೋಗ್ಯವಂತರ ಚುಕ್ಕಿ ಹೇಗಿರುತ್ತದೆ ಎಂದು ಹೋಲಿಸಲು ಸಿಬ್ಬಂದಿಯೂ ಬಿಲ್ಲೆ ಹಾಕಿಕೊಂಡಿದ್ದರು. ಕೆಂಪರಾಜನ ಹೆಸರು 'ಸೈಡ್ ಆಕ್ಟರ್ ಎರಡು'. ಅವನ ಅಕ್ಕ ಚಿಕ್ಕತಾಯಿಯದು 'ಹೀರೋಯಿನ್ ಒಂಬತ್ತು'.

ಚಿಕ್ಕತಾಯಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಅವ್ವ ತೀರಿಕೊಂಡಾಗ ಕೆಂಪರಾಜನಿಗೆ ಹನ್ನೆರಡು, ಅವಳಿಗೆ ಇಪ್ಪತ್ತೊಂದು. ಸೀಟಿ ಊದಿ, ಟಿಕೆಟ್ ಹರಿದು ತಮ್ಮನನ್ನು ಓದಿಸಿದಳು. ಮೂರು ವರ್ಷ ಕಳೆಯುವುದರೊಳಗೆ ಕೆನ್ನೆಯ ಮೇಲೆ ಲೂಪಸ್‌ನ ಕೆಂಪು ಚಿಟ್ಟೆಗುರುತು ಬಂದು ಕೂತಿತು, ಬೆರಳು ಬಿಗಿದವು. ಅಲ್ಲಿಂದ ಒಂಬತ್ತು ವರ್ಷ ಲೂಪಸ್ ಜೊತೆಗೇ ಬಸ್ಸು ಹತ್ತಿ ಇಳಿದಿದ್ದಳು. ಆದರೆ ಕಳೆದ ಹನ್ನೊಂದು ತಿಂಗಳಿಂದ ಅವಳನ್ನು ಡಿಪೋದಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ ಕೂರಿಸಿದ್ದರು. ಅಂಕ ನಾಲ್ಕರ ಕೆಳಗೆ ಬಂದರೆ ಮಾತ್ರ ರೂಟು.

"ನಾಳೆ ಡಿಪೋದೋರು ಅಂಕ ನೋಡ್ತಾರೆ ಕಣ್ಲಾ," ಎಂದಳು ಒಂದು ಬೆಳಿಗ್ಗೆ, ಕಾಫಿ ಲೋಟವನ್ನು ತಣ್ಣಗಾಗಲು ಬಿಟ್ಟು. "ಏಳೈತೆ. ಇನ್ನಾರು ತಿಂಗ್ಳು ಆ ಛತ್ರಿಗಳ್ ಜೊತೆ ಸಂಸಾರ."

"ಛತ್ರಿ ಒಳ್ಳೇ ಗಂಡ ಕಣಕ್ಕ. ಎದುರು ಮಾತಾಡಲ್ಲ."

"ನಿನ್ ಮಕ್ಕೆ ಮಂಗಳಾರತಿ ಎತ್ತ! ನಿನ್ನೆ ಒಂದ್ ಹಲ್ ಸೆಟ್ಟು ಬಂತು ಕಣ್ಲಾ. ಯಾರೋ ಸೀಟ್ ಮೇಲೆ ಬಿಟ್ಟೋಗವ್ರೆ. ಇಡೀ ದಿನ ನಾನು ಅದ್ನ ನೋಡ್ಕೊಂಡು, ಅದು ನನ್ನ ನೋಡ್ಕೊಂಡು." ನಗುತ್ತಲೇ ಹೇಳಿದಳು. ಆಮೇಲೆ ನಗು ನಿಂತಿತು. "ಬಸ್ಸಿಲ್ದೆ ನಾನು ಸತ್ತೇ ಹೋಯ್ತೀನೇನೋ ಅನ್ಸುತ್ತೆ ಕೆಂಪ."

ಅದೇ ದಿನ ಕೆಂಪರಾಜು ಯಂತ್ರದಲ್ಲಿ ಎರಡು ಹೆಸರು ಅದಲು ಬದಲು ಮಾಡಿದ. ಅಕ್ಕನ ಹೆಸರಿಗೆ ತನ್ನ ಚುಕ್ಕಿ, ತನ್ನ ಹೆಸರಿಗೆ ಅಕ್ಕನ ಚುಕ್ಕಿ. ಡಬಲ್ ರೋಲ್! ಮೀಸೆ ಅಂಟಿಸಿಕೊಂಡರೆ ತಾಯಿಗೂ ಗುರುತು ಸಿಗದಂಥದ್ದು. ಒಂದೇ ದಿನದ ಮಟ್ಟಿಗೆ ಎಂದುಕೊಂಡಿದ್ದ. ಅಕ್ಕನ ಮಾತ್ರೆ ಹೇಗೂ ನಡೆಯುತ್ತಿತ್ತು. ಸಿಬ್ಬಂದಿಯ ಬಿಲ್ಲೆ ಬರೀ ಎಣಿಸುತ್ತದೆ, ಮಿಡಿತ ಕೊಡುವುದಿಲ್ಲ, ಶೂಟಿಂಗಿನ ಡಮ್ಮಿ ಪಿಸ್ತೂಲಿನಂತೆ ಎಂದು ಅವನು ನಂಬಿದ್ದ. ಹೋಲಿಕೆ ಸರಿಯಾಗಿರಲಿ ಎಂದು ಯಂತ್ರ ಸಿಬ್ಬಂದಿಯ ಬಿಲ್ಲೆಗಳಿಗೂ ಆಜ್ಞೆ ಕೊಡುತ್ತದೆಂಬ ಕೈಪಿಡಿಯ ಪುಟವನ್ನು ಅವನು ಓದಿರಲಿಲ್ಲ. ಪಿಸ್ತೂಲಿನಲ್ಲಿ ಗುಂಡಿತ್ತು.

ಮರುದಿನ ಹೀರೋಯಿನ್ ಒಂಬತ್ತರ ಅಂಕ ಸೊನ್ನೆ. ಚಿಕ್ಕತಾಯಿಗೆ ಮೈಸೂರು–ಮಡಿಕೇರಿ ರೂಟು ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಹೊರಟು ಹತ್ತೂಕಾಲಿಗೆ ಮಡಿಕೇರಿ, ಅಲ್ಲಿಂದ ವಾಪಸ್ಸು. ಖಾಕಿ ಇಸ್ತ್ರಿ ಮಾಡಿಕೊಂಡು ಕನ್ನಡಿಯ ಮುಂದೆ ನಿಂತು ಸೀಟಿ ಊದಿದಳು. ಎದುರು ಮನೆಯ ನಾಯಿ ಎದ್ದು ಓಡಿತು.

ಸಂಜೆ ಹೆಸರುಗಳನ್ನು ಸರಿಮಾಡಲು ಹೋದ ಕೆಂಪರಾಜು ಅಕ್ಕನ ನಿಜವಾದ ಚುಕ್ಕಿಗಳನ್ನು ನೋಡಿ ಕೈ ತಡೆದ. ಏಳಿದ್ದ ಅಂಕ ಐದಕ್ಕಿಳಿದಿತ್ತು. ನಾಲ್ಕು ದಿನಕ್ಕೆ ಮೂರು. ಹತ್ತನೆಯ ದಿನ ಒಂದು. ಒಂಬತ್ತು ವರ್ಷ ಯಾವ ಔಷಧಿಗೂ ಬಗ್ಗದ ದ್ವೀಪಗಳು ಸದ್ದಿಲ್ಲದೆ ಹಿಂದೆ ಸರಿದು ತಮ್ಮ ತಮ್ಮ ಜಾಗದಲ್ಲಿ ಕೂತವು. ಚೆನ್ನಾಗಿ ಓಡುತ್ತಿರುವ ಸಿನಿಮಾವನ್ನು ಯಾರಾದರೂ ಎತ್ತಂಗಡಿ ಮಾಡುತ್ತಾರೆಯೇ? ಅವನು ಹೆಸರುಗಳನ್ನು ಹಾಗೇ ಬಿಟ್ಟ.

ಮೂರನೆಯ ವಾರ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಅವನ ಬೆರಳು ಒಪ್ಪಲಿಲ್ಲ. ರಾತ್ರಿ ಕೈ ಮೇಲೆ ಮಲಗಿದ್ದೆನೇನೋ ಎಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ಮರುದಿನವೂ ಹಾಗೇ. ಮುಖ ತೊಳೆದು ಕನ್ನಡಿ ನೋಡಿದರೆ ಮೂಗಿನ ಎರಡು ಪಕ್ಕಕ್ಕೂ ತೆಳ್ಳಗೆ ಕೆಂಪು ಹರಡಿತ್ತು. ಆ ಆಕಾರ ಅವನಿಗೆ ಹೊಸದಲ್ಲ. ಒಂಬತ್ತು ವರ್ಷ ಊಟದ ತಟ್ಟೆಯ ಆಚೆ ನೋಡಿದ್ದ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಅಲಮೇಲು ಅವನನ್ನು ಗೋಡೆಯ ಮುಂದೆ ಕರೆದರು. ಅರವತ್ತರ ಹತ್ತಿರದ ಹೆಂಗಸು. ನಗುವುದನ್ನು ಖರ್ಚು ಎಂದು ಭಾವಿಸಿದವರು.

"ಕೆಂಪರಾಜ, ನಿನ್ನ ಅಂಕ ನೋಡ್ಕೊಂಡ್ಯೇನೋ?"

"ಸೈಡ್ ಆಕ್ಟರ್ ಅಂಕ ಯಾರ್ ನೋಡ್ತಾರೆ ಮೇಡಂ?"

"ತಮಾಷೆ ಸಾಕು. ನಿನ್ನ ಮುಖ ನೋಡಿ ಅನುಮಾನ ಬಂತು. ನಿನ್ನ ಬಿಲ್ಲೆಯಿಂದಲೇ ನೇರವಾಗಿ ಓದಿಸಿದೆ. ನೋಡು." ಅವರು ಗೋಡೆಯ ಮೇಲೆ ಒಂದು ಗೆರೆ ಎಳೆದರು. "ಬೆಳಿಗ್ಗೆ ಏಳರಿಂದ ಏರ್ತಾ ಹೋಗತ್ತೆ. ಹತ್ತೂಕಾಲಿಗೆ ತುದಿ. ಅರ್ಧ ಗಂಟೆ ಅಲ್ಲೇ ನಿಲ್ಲತ್ತೆ. ಆಮೇಲೆ ಇಳಿದು ಎರಡು ಗಂಟೆಗೆ ಪೂರಾ ಕೆಳಗೆ. ದಿನಾ ಹೀಗೇ. ಮಂಗಳವಾರ ಮಾತ್ರ ಇಲ್ಲ. ಮೂವತ್ತು ವರ್ಷದಲ್ಲಿ ಇಂಥ ಲೂಪಸ್ ನಾನು ನೋಡಿಲ್ಲ. ರೋಗಕ್ಕೆ ಗಡಿಯಾರ ಕಟ್ಟಿಕೊಂಡ ಹಾಗಿದೆ."

ಕೆಂಪರಾಜು ಗೆರೆಯನ್ನೇ ನೋಡಿದ. ಎಂಟರ ಹೊತ್ತಿಗೆ ಒಂದು ಸಣ್ಣ ಮೆಟ್ಟಿಲಿತ್ತು. ಗೆರೆ ಅಲ್ಲಿ ಐದು ನಿಮಿಷ ಏರದೆ ನಿಂತು, ಮತ್ತೆ ಹತ್ತಿತ್ತು. ಎಂಟಕ್ಕೆ ಬಸ್ಸು ಹುಣಸೂರಿನಲ್ಲಿ ನಿಲ್ಲುತ್ತದೆ. ಒಂಬತ್ತೂಕಾಲರ ಉದ್ದನೆಯ ಮೆಟ್ಟಿಲು ಕುಶಾಲನಗರ. ಅಲ್ಲಿ ಡ್ರೈವರ್ ತಿಂಡಿ ತಿನ್ನುತ್ತಾನೆ. ಮಂಗಳವಾರ ಅಕ್ಕನ ವಾರದ ರಜೆ.

"ಮೇಡಂ," ಎಂದ. "ಇದು ಬಸ್ ಟೈಮು."

ಎಲ್ಲವನ್ನೂ ಒಪ್ಪಿಕೊಂಡ. ಅಲಮೇಲು ಬೈಯಲಿಲ್ಲ. ಅದು ಬೈದದ್ದಕ್ಕಿಂತ ಭಯ ಹುಟ್ಟಿಸಿತು.

ಅಂದು ಸಂಜೆ ಅವರು ಚಿಕ್ಕತಾಯಿಯನ್ನು ಕರೆಸಿ, ಎಲ್ಲ ಹೇಳಿ, ತಮ್ಮ ಕಾರಿನಲ್ಲಿ ಕೂರಿಸಿ ಡ್ರೈವರ್ ಜೊತೆ ಕಳುಹಿಸಿದರು. "ಯಾವ ಕಡೆ ಬೇಕಾದ್ರೂ ಹೋಗಮ್ಮ. ಎಲ್ಲಿದೀಯ ಅಂತ ನನಗೆ ಮಾತ್ರ ಮೆಸೇಜ್ ಮಾಡು." ಕೆಂಪರಾಜನನ್ನು ಗೋಡೆಗೆ ಬೆನ್ನು ಹಾಕಿ ಕೂರಿಸಿದರು.

ಇಪ್ಪತ್ತು ನಿಮಿಷ ಕಳೆಯಿತು. ಅವನು ತನ್ನ ಬಲಗೈಯನ್ನು ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಇಟ್ಟುಕೊಂಡಿದ್ದ.

"ಹೋಗ್ತಾ ಅವ್ಳೆ," ಎಂದ. "ಸ್ಪೀಡಾಗಿ... ಈಗ ನಿಂತ್ಲು."

ಅಲಮೇಲು ಅವರ ಫೋನಿನಲ್ಲಿ 'ಇಲವಾಲ ಸಿಗ್ನಲ್' ಎಂದಿತ್ತು.

"ಮತ್ತೆ ಹೊರಟ್ಲು." ಅವನ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು. ಹಣೆಯಲ್ಲಿ ಬೆವರು. ಆಮೇಲೆ ತಟ್ಟನೆ ಹೆಬ್ಬೆರಳು ಸಡಿಲವಾಯಿತು. "ತಿರುಗಿದ್ಲು ಮೇಡಂ. ವಾಪಸ್ ಬತ್ತಾವ್ಳೆ."

"ಇಲ್ಲ, ಬಿಳಿಕೆರೆವರೆಗೂ ಹೋಗ್ತೀನಿ ಅಂತ ಈಗಷ್ಟೇ..." ಎನ್ನುವಷ್ಟರಲ್ಲಿ ಅಲಮೇಲು ಕೈಯಲ್ಲಿದ್ದ ಫೋನು ಮಿಡಿಯಿತು. 'ನನ್ ಕೈಲಿ ಆಗಲ್ಲ ಮೇಡಂ. ಗಾಡಿ ತಿರುಗಿಸೋಕೆ ಹೇಳ್ದೆ.'

ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಯಂತ್ರ ನಿನ್ನ ಕೋಶಗಳಿಗೆ ದಿನವಿಡೀ 'ನೀವು ತಪ್ಪು, ಓನರ್‌ನ ಹೊಡೀತಿದ್ದೀರ' ಅಂತ ಹೇಳ್ತು. ಅವು ಏನೂ ಮಾಡಿರಲಿಲ್ಲ. ಆದ್ರೂ ನಂಬಿದ್ವು. ಅವಳ ಕೋಶಗಳಿಗೆ ಮೊದಲನೇ ಸಲ 'ನೀವು ಸರಿಯಾಗಿದ್ದೀರ' ಅಂತ ಯಾರೋ ಹೇಳಿದ್ರು. ಅವೂ ನಂಬಿದ್ವು. ಇಷ್ಟು ನನಗೆ ಅರ್ಥ ಆಗತ್ತೆ. ನಿನ್ನ ಕೋಶಗಳು ಓನರ್ ಅಂತ ಈಗ ಅವಳನ್ನ ಗುರುತು ಹಿಡಿದಿವೆ. ಅವಳು ಹತ್ತಿರ ಇದ್ರೆ ಸುಮ್ಮನಿರ್ತವೆ, ದೂರ ಹೋದ್ರೆ ಮನೇಲಿ ಇರೋ ನೀನು ಕಳ್ಳ. ಆದ್ರೆ ಅವಳು ಎಲ್ಲಿದಾಳೆ ಅಂತ ಅವಕ್ಕೆ ಹೇಗೆ ಗೊತ್ತಾಗತ್ತೋ, ಅದು ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ."

ಚಿಕ್ಕತಾಯಿ ಒಳಗೆ ಬಂದಳು. ಖಾಕಿಯಲ್ಲೇ ಇದ್ದಳು. ಅವಳ ಹೆಜ್ಜೆ ಹತ್ತಿರವಾಗುತ್ತಿದ್ದಂತೆ ಗೋಡೆಯ ಮೇಲೆ ಕೆಂಪರಾಜನ ಚುಕ್ಕಿಗಳು ಟೀಚರ್ ಬಂದ ಕ್ಲಾಸಿನಂತೆ ಸಾಲಾಗಿ ಕೂತವು. ಅವಳು ಅದನ್ನು ನೋಡಿದಳು. ಒಂದು ಸಲ ಬಾಗಿಲವರೆಗೂ ಹೋಗಿ ತಿರುಗಿ ನೋಡಿದಳು. ಬಂದು ಅವನ ತಲೆಗೆ ಒಂದು ಬಾರಿಸಿದಳು.

"ನನ್ ಕಾಯ್ಲೆ ಕದಿಯೋಕೆ ಯಾವನ್ಲಾ ನೀನು?"

"ಕಳ್ಳ ಅಲ್ಲ ಕಣಕ್ಕ. ಡೂಪು. ಫೈಟ್ ಸೀನಲ್ಲಿ ಹೀರೋಯಿನ್‌ಗೆ ಏಟು ಬೀಳಬಾರದಲ್ವಾ?"

"ವಾಪಸ್ ಕೊಡು."

"ಕೊಟ್ರೆ ಮತ್ತೆ ಛತ್ರಿ ರೂಮು."

"ಇರ್ಲಿ! ಒಂಬತ್ ವರ್ಷ ಸಾಕಿದೀನಿ ಅದ್ನ. ಯಾವಾಗ ಕಚ್ತದೆ, ಯಾವಾಗ ಮಲಗ್ತದೆ, ನಂಗೆ ಗೊತ್ತು. ನಿಂಗೇನ್ ಗೊತ್ಲಾ? ಗುಂಡಿ ಹಾಕ್ಕೊಳಕ್ ಬರದೆ ಅಂಗಿ ಒಳ್ಗೆ ತಲೆ ತೂರಿಸ್ಕೊಂಡು ಬಂದಿದೀಯ." ಅವಳು ಅಲಮೇಲು ಕಡೆ ತಿರುಗಿದಳು. "ಮೇಡಂ, ಸರಿ ಮಾಡಿ. ಅವ್ನ್ ಮಾತು ಕೇಳ್ಬೇಡಿ."

ಆಗಲೇ ಹೆಸರುಗಳನ್ನು ಸರಿಮಾಡಿದರು. ಚಿಕ್ಕತಾಯಿ ರಜೆ ಹಾಕಿ ಮನೆಯಲ್ಲೇ ಕೂತಳು. ತಮ್ಮ ಕೇಂದ್ರಕ್ಕೆ ಹೋದರೆ ಹಿಂದೆಯೇ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ತರಕಾರಿಗೂ ದೂರ ಹೋಗುತ್ತಿರಲಿಲ್ಲ. ಮೂರು ವಾರ ಕಾದರು. ಅವಳ ಅಂಕ ಒಂದರಲ್ಲೇ ನಿಂತಿತ್ತು. ಕೆನ್ನೆ ತಿಳಿಯಾಗಿ, ಮೊದಲ ಸಲ ಕೆಲಸಕ್ಕೆ ಸೇರಿದ ವರ್ಷದ ಹುಡುಗಿಯಂತೆ ಕಾಣುತ್ತಿದ್ದಳು. ಪರೀಕ್ಷೆಗೆಂದು ಅವಳು ಹುಣಸೂರಿನವರೆಗೆ ಹೋಗಿ ಬಂದ ದಿನ ಕೆಂಪರಾಜನ ಅಂಕ ಹತ್ತು ದಾಟಿತು. ಅವನ ಕೈಯಿಂದ ಚಮಚ ಬಿತ್ತು.

"ನೆನಪಿನ ಕೋಶಗಳು," ಎಂದರು ಅಲಮೇಲು, ಅವನೊಬ್ಬನೇ ಇದ್ದಾಗ. "ಒಂದು ಸಲ ಕಲಿತದ್ದನ್ನ ಅವು ಹತ್ತಾರು ವರ್ಷ ಮರೆಯಲ್ಲ. ಮಿಡಿತ ನಿಂತ್ರೂ ಅಷ್ಟೇ. ಬಿಲ್ಲೆ ಕಿತ್ತು ಹಾಕಿದ್ರೂ ಅಷ್ಟೇ."

"ಅಂದ್ರೆ ಈ ಪಿಕ್ಚರ್‌ಗೆ ಎಂಡೇ ಇಲ್ಲ."

"ನಿನ್ನ ಅಕ್ಕ ಹತ್ತಿರ ಇದ್ರೆ ನೀನು ಚೆನ್ನಾಗಿರ್ತೀಯ."

"ಹತ್ತಿರ ಅಂದ್ರೆ?"

ಅವರು ಕಿಟಕಿಯಾಚೆ ನೋಡಿದರು. ಬೆಂಚಿನ ಮೇಲೆ ಚಿಕ್ಕತಾಯಿ ಕೂತಿದ್ದಳು. ಬೀದಿಯಲ್ಲಿ ಬಸ್ಸೊಂದು ಹೋದರೆ ಅವಳ ಕತ್ತು ಅದರ ಜೊತೆಗೇ ತಿರುಗುತ್ತಿತ್ತು. ತೊಡೆಯ ಮೇಲೆ ಒಂದು ಅರ್ಜಿಯಿತ್ತು. ರೂಟು ಬೇಡ, ಸಾಮಾನಿನ ಕೋಣೆಗೇ ಹಾಕಿ, ನಿವೃತ್ತಿಯವರೆಗೂ ಎಂದು ಬರೆದು ಮುಗಿಸಿದ್ದಳು.

ಕೆಂಪರಾಜು ಯಂತ್ರದ ಮುಂದೆ ಕೂತ. "ಮೇಡಂ, ನನ್ ಚುಕ್ಕಿಗಳ ಹಳೇ ರೆಕಾರ್ಡಿಂಗ್ ಐತಲ್ವಾ? ಕಾಯ್ಲೆಗೆ ಮುಂಚಿನದು? ಗೋಡೆ ಮೇಲೆ ಅದೇ ಓಡ್ಲಿ. ಬರೀ ಗೋಡೆಗೆ."

"ನಾನು ರೋಗಿಯ ಮುಂದೆ ಸುಳ್ಳು ಹೇಳಲ್ಲ ಕೆಂಪರಾಜ."

"ನೀವೇನೂ ಹೇಳ್ಬೇಡಿ. ಗೋಡೆ ಹೇಳ್ಲಿ. ಮಾತ್ರೆ ತಗೋತೀನಿ, ವಾರ ವಾರ ಕಿಡ್ನಿ ಟೆಸ್ಟ್ ಮಾಡಿಸ್ಕೋತೀನಿ. ಅವ್ಳು ಹನ್ನೆರಡು ವರ್ಷದ ಹುಡುಗ್ನ ಹೆಗಲ ಮೇಲೆ ಹಾಕ್ಕೊಂಡು ಬಸ್ ಹತ್ತಿದ್ಲು ಮೇಡಂ. ಈಗ ಅವ್ಳನ್ನ ಕೆಳಗಿಳಿಸೋದು ನಾನಾ?"

ಅಲಮೇಲು ಏಳುವಾಗ ಕುರ್ಚಿ ಸದ್ದು ಮಾಡಿತು. ಅವರು ಯಂತ್ರವನ್ನು ಆರಿಸದೆ ಕೋಣೆಯಿಂದ ಹೊರಗೆ ಹೋದರು.

ಹದಿನೈದು ನಿಮಿಷದ ನಂತರ ಕೆಂಪರಾಜು ಬೆಂಚಿನ ಹತ್ತಿರ ಓಡಿದ. "ಅಕ್ಕೋ! ಬಾ, ನೋಡು! ಸೊನ್ನೆ!" ಅವಳು ಗೋಡೆಯ ಮುಂದೆ ನಿಂತು ನೋಡಿದಳು. ಅನುಮಾನದಿಂದ ಹಿಂದೆ ಹಿಂದೆ ಹೋದಳು, ಗೇಟಿನಾಚೆ ಹೋದಳು, ಆಟೋ ಹತ್ತಿ ಊರಾಚೆಗೂ ಹೋಗಿ ಬಂದಳು. ಗೋಡೆಯ ಮೇಲೆ ಸೊನ್ನೆ ಸೊನ್ನೆಯಾಗಿಯೇ ಇತ್ತು. ಅವಳು ಬರುವ ಹೊತ್ತಿಗೆ ಅವನು ಬಾತ್‌ರೂಮಿನಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿ, ಕೆನ್ನೆಗೆ ಪೌಡರ್ ಬಳಿದುಕೊಂಡು ಸಿದ್ಧನಾಗಿದ್ದ. ತಮ್ಮನನ್ನು ಅಪ್ಪಿಕೊಂಡು ಅತ್ತಳು. ಅರ್ಜಿ ಹರಿದಳು.

ಸೋಮವಾರ ಏಳಕ್ಕೆ ಬಸ್ಸು ಹೊರಟಿತು.

ಅವನಿಗೆ ಈಗ ನಕ್ಷೆ ಬೇಕಿರಲಿಲ್ಲ. ಎಂಟಕ್ಕೆ ಬೆರಳ ಗೆಣ್ಣು ಹುಣಸೂರು. ಆಮೇಲೆ ಮಣಿಕಟ್ಟು ಪಿರಿಯಾಪಟ್ಟಣ. ಮೊಣಕೈ ಕುಶಾಲನಗರ, ಅಲ್ಲಿ ಸ್ವಲ್ಪ ಬಿಡುವು, ಡ್ರೈವರ್ ಇಡ್ಲಿ ತಿನ್ನುವಷ್ಟು. ಭುಜಕ್ಕೆ ಬಂದಾಗ ಮಡಿಕೇರಿ. ಹತ್ತೂಕಾಲು. ಅವನು ಕೇಂದ್ರದ ಮೇಜಿಗೆ ಒರಗಿ, ಹಲ್ಲು ಕಚ್ಚಿ, ಗಡಿಯಾರ ನೋಡಿದ. ಇಷ್ಟೇ, ಇನ್ನು ಇಳಿಜಾರು. ಮುಕ್ಕಾಲಿಗೆ ಬಸ್ಸು ತಿರುಗುತ್ತದೆ.

ಹತ್ತೂಮುಕ್ಕಾಲಾಯಿತು. ನೋವು ಇಳಿಯಲಿಲ್ಲ.

ಹನ್ನೊಂದಾಯಿತು. ನೋವು ಮಂಡಿಗೆ ಬಂತು. ಅಲ್ಲಿಗೆ ಅದು ಯಾವತ್ತೂ ಹೋಗಿರಲಿಲ್ಲ. ಮಡಿಕೇರಿಯ ಆಚೆ ಯಾವ ಊರಿದೆ ಎಂದು ಅವನ ಮೈಗೆ ಇನ್ನೂ ತಿಳಿದಿರಲಿಲ್ಲ. ಈಗ ತಿಳಿಯತೊಡಗಿತು. ಘಟ್ಟದ ತಿರುವುಗಳು ಒಂದೊಂದಾಗಿ ಬೆನ್ನುಮೂಳೆಯಲ್ಲಿ ತಿರುಗಿದವು. ಗೋಡೆಯ ಮೇಲೆ ಸೈಡ್ ಆಕ್ಟರ್ ಎರಡರ ಚುಕ್ಕಿಗಳು ತಣ್ಣಗೆ, ಸುಂದರವಾಗಿ, ಸೊನ್ನೆಯ ಕೆಳಗೆ ಮಿನುಗುತ್ತಿದ್ದವು.

ಮಧ್ಯಾಹ್ನ ಮೇಜಿನ ಮೇಲಿನ ಫೋನು ಗುಂಯ್‌ಗುಟ್ಟಿತು. ಅದನ್ನು ಮಣಿಕಟ್ಟಿನಿಂದ ತಳ್ಳಿ, ಮೂಗಿನ ತುದಿಯಿಂದ ಒತ್ತಿದ.

"ಲೋ ಕೆಂಪ! ಎಲ್ಲಿದೀನಿ ಹೇಳು ನೋಡಾನ?"

"ಗೊತ್ತಿಲ್ಲ ಕಣಕ್ಕ," ಎಂದ. "ಈಗ ನಂಗೇನೂ ಗೊತ್ತಾಗಲ್ವಲ್ಲ."

"ಮಂಗ್ಳೂರು ಕಣ್ಲಾ! ಆ ರೂಟಿನ್ ಕಂಡಕ್ಟ್ರು ಕಾಲ್ ಮುರ್ಕೊಂಡವ್ನಂತೆ. ಮಡಿಕೇರೀಲಿ ಕೇಳಿದ್ರು, ಹೋಯ್ತೀಯೇನಮ್ಮ ಅಂತ. ನಾನು ಹೂಂ ಅನ್ನೋ ಮುಂಚೆ ಸೀಟಿ ಊದಿದ್ದೆ. ಇನ್ಮೇಲೆ ಇದೇ ರೂಟು, ಪರ್ಮನೆಂಟು! ಸಮುದ್ರ ನೋಡ್ದೆ ಕಣ್ಲಾ ಕೆಂಪ. ಮೂವತ್ಮೂರು ವರ್ಷಕ್ಕೆ ಮೊದಲ್ನೇ ಸಲ. ಬಿಸಿಲಲ್ಲಿ ನಿಂತಿದೀನಿ, ಮುಖ ಉರಿಯಲ್ಲ. ಕೈ ನೋಯಲ್ಲ. ಕೇಳುಸ್ತಾ ಐತಾ, ಅಲೆ?"

ಅವನು ಕೇಳಿದ. ಅಲೆ ಬಂದು, ಒಡೆದು, ಹಿಂದೆ ಸರಿಯುತ್ತಿತ್ತು.

"ಸೂಪರ್ ಹಿಟ್ ಕಣಕ್ಕ," ಎಂದ. ದನಿ ಸರಿಯಾಗಿಯೇ ಬಂತು. ಎಷ್ಟೋ ಜನರ ದನಿಯಲ್ಲಿ ಮಾತಾಡಿದವನಿಗೆ ತನ್ನ ದನಿಯಲ್ಲಿ ಮಾತಾಡುವುದು ಕಷ್ಟವೇನಲ್ಲ. "ನೂರು ದಿನ ಗ್ಯಾರಂಟಿ."

"ನೀನ್ ಚೆನ್ನಾಗಿದೀಯಾ?"

"ಫಸ್ಟ್ ಕ್ಲಾಸ್."

"ಸರಿ, ಬಸ್ ಬಿಡೋ ಟೈಮಾಯ್ತು. ಇಡ್ಲಾ?"

"ಇಡು."

ಅವಳು ಕಾದಳು. ಚಿಕ್ಕಂದಿನಿಂದ ಅವರ ರೂಢಿ ಅದು. ಅವನು ಕತ್ತರಿಸುವವರೆಗೂ ಅವಳು ಫೋನ್ ಇಡುತ್ತಿರಲಿಲ್ಲ. ಕೆಂಪರಾಜು ಕೆಂಪು ಗುಂಡಿಯನ್ನು ನೋಡಿದ. ಕೈ ಎತ್ತಲು ನೋಡಿದ. ಮುಖ ಬಗ್ಗಿಸಲು ನೋಡಿದ. ಕತ್ತೂ ಈಗ ತಿರುಗುತ್ತಿರಲಿಲ್ಲ.

"ಇನ್ನೂ ಲೈನಲ್ಲೇ ಇದೀಯೇನ್ಲಾ?" ಅಕ್ಕ ನಕ್ಕಳು. "ಕಟ್ ಮಾಡೋ ಮಂಕೆ."

"ಇವತ್ತೊಂದ್ ದಿನ," ಎಂದ ಕೆಂಪರಾಜು, "ನೀನೇ ಕಟ್ ಮಾಡಕ್ಕ."